ಎದ್ದು ನಿಂತವರ ಎಣಿಕೆ

ಯಶವಂತನಗರ
15-2-1981

ತಂಗಿ ಭರಮಮ್ಮನಿಗೆ ಅಕ್ಕ ಹಂಪಕ್ಕನ ಆಶೀರ್ವಾದ.

ರೂಢಿಯಂತೆ ಚಿ. ಸೌ. ಎಂದು ಬರೆಯಲು ಹೋಗಿ, ‘ಸೌ’ ಬರುವಲ್ಲಿ ಪೆನ್ನು ನಿಂತಿತು. ಅದಕ್ಕೇ ಬರೀ ತಂಗಿ ಎಂದು ಬರೆದಿದ್ದೇನೆ.

ನೀನು ಗೆದ್ದ ಸುದ್ದಿಯನ್ನು ನಿಮ್ಮ ಭಾವ ಕಂಪನಿ ಕ್ಯಾಂಟೀನಿನ ರೇಡಿಯೋದಲ್ಲಿ ಕೇಳಿ ಓಡಿ ಬಂದರು. ಬಂದವರಿಗೆ ಮಾತಿಗಿಂತ ಮೊದಲು ಕೆಮ್ಮು ಬಂತು. ನೀರು ಕುಡಿದು ಸುಧಾರಿಸಿಕೊಂಡು, ‘ನಿನ್ನ ತಂಗಿ ಎಮ್ಮೆಲ್ಲೆ ಆದ್ಲು’ ಅಂದರು. ನಳದ ಹತ್ತಿರ ಈಗ ನನಗೆ ಕೊಡ ಮೊದಲು ಇಡಲು ಬಿಡುತ್ತಾರೆ.

ಕಂಪ್ಲಿಯ ಕೊನೆಯ ಸಭೆ ಇನ್ನೂ ಕಣ್ಣ ಮುಂದಿದೆ. ವೇದಿಕೆಯ ಹಿಂದೆ ಆಳೆತ್ತರದ ಫೋಟೋ. ನಿನ್ನ ಮನೆಯವರು, ಗಾದಿಲಿಂಗಪ್ಪನವರು, ಸ್ಟ್ರೆಚರಿನ ಮೇಲೆ ಮಲಗಿದ್ದಾರೆ, ಯಾರೋ ಸಲೈನ್ ಬಾಟಲಿ ಎತ್ತಿ ಹಿಡಿದಿದ್ದಾರೆ, ನಾಲ್ಕು ಜನ ವಿಧಾನಸೌಧದ ಮೆಟ್ಟಿಲು ಹತ್ತಿಸುತ್ತಿದ್ದಾರೆ. ನಿನ್ನ ಮೈದುನ ಓಬಳಪ್ಪ ಮೈಕು ಹಿಡಿದು, ‘ನಮ್ಮಣ್ಣ ಕಾಮಾಲಿ ಏರಿ ದವಾಖಾನಿ ಮಂಚದ ಮ್ಯಾಲಿದ್ದ. ಸರ್ಕಾರ ಬೀಳ್ತೈತಿ ಅಂದಕೂಡ್ಲೆ, ನನ್ನ ಹೊತ್ಕೊಂಡು ಹೋಗ್ರಿ, ನಾ ವೋಟು ಹಾಕ್ತೀನಿ ಅಂದ. ಎರಡು ದಿನಕ್ಕ ಜೀವ ಬಿಟ್ಟ. ಈಗ ಆತನ ಹೆಂಡ್ತಿ ನಿಮ್ಮ ಮುಂದ ಸೆರಗೊಡ್ಡಿ ನಿಂತಾಳ’ ಅಂದ. ನೀನು ಅತ್ತೆ. ಮೈದಾನವೆಲ್ಲ ಅತ್ತಿತು. ಕಾಲುವೆ ಪಕ್ಕದ ಕ್ಯಾಂಪು ಊರುಗಳಿಂದ ಟ್ರ್ಯಾಕ್ಟರಿನಲ್ಲಿ ಬಂದ ಹೆಂಗಸರೂ ಅತ್ತರು. ಅಂಥ ಗಂಡನನ್ನು ಪಡೆದವಳು ನನ್ನ ತಂಗಿ ಎಂದು ನನಗೆ ಆ ದುಃಖದಲ್ಲೂ ಎದೆ ಉಬ್ಬಿತ್ತು.

ಒಂದು ಕೆಲಸ ಹೇಳುತ್ತೇನೆ. ನಿಮ್ಮ ಭಾವ ಅದಿರಿನ ಕ್ರಷರಿನಲ್ಲಿದ್ದು ಬಹಳ ವರ್ಷವಾಯಿತು. ಉಗುಳಿದರೆ ಕೆಂಪು ಮಣ್ಣೋ ರಕ್ತವೋ ತಿಳಿಯುವುದಿಲ್ಲ. ಲಾರಿ ತೂಕ ಹಾಕುವ ಕಾಟಾ ಆಫೀಸಿನಲ್ಲಿ ಕೂರುವ ಕೆಲಸವಿದೆ. ನೀನೊಂದು ಮಾತು ಹೇಳಿದರೆ ಆಗುತ್ತದೆ. ಬೇರೇನೂ ಕೇಳುವುದಿಲ್ಲ.

ನಿನ್ನ ಅಕ್ಕ
ಹಂಪಕ್ಕ


ಶಾಸಕರ ಭವನ, ಬೆಂಗಳೂರು
8-3-1981

ಅಕ್ಕನಿಗೆ ಭರಮಮ್ಮನ ನಮಸ್ಕಾರ.

ಪ್ರಮಾಣವಚನ ಆಯಿತು. ಏಳನೇ ಇಯತ್ತೆಯ ಓದು ಅಷ್ಟಕ್ಕೆ ಸಾಕಾಯಿತು. ನಮ್ಮವರು ಕೂರುತ್ತಿದ್ದ ಜಾಗವನ್ನೇ ನನಗೆ ಕೊಟ್ಟಿದ್ದಾರೆ. ಪಕ್ಕದಲ್ಲಿ ಅಂಜಿನಯ್ಯ ಎಂಬ ಶಾಸಕ, ನಮ್ಮ ಪಕ್ಕದ ಕ್ಷೇತ್ರದವನು. ‘ನಿಮ್ಮ ಯಜಮಾನ್ರು ಹುಲಿ ಅಕ್ಕಾ, ಹುಲಿ’ ಎಂದು ದಿನಕ್ಕೊಮ್ಮೆ ಹೇಳುತ್ತಾನೆ. ಮುಖ್ಯಮಂತ್ರಿಗಳು ನನ್ನ ತಲೆಯ ಮೇಲೆ ಕೈಯಿಟ್ಟು, ‘ನಿನ್ನ ಗಂಡನಿಂದ ಉಳಿದ ಕುರ್ಚಿ ಇದು, ತಂಗಿ’ ಅಂದರು. ಎಲ್ಲರೂ ಅವರನ್ನು ದೊಡ್ಡ ಸಾಹೇಬರು ಅನ್ನುತ್ತಾರೆ. ಆವತ್ತು ನನಗೂ ದೊಡ್ಡವರಾಗಿಯೇ ಕಂಡರು.

ಸದನ ನಾವು ರೇಡಿಯೋದಲ್ಲಿ ಕೇಳಿದ ಹಾಗಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅರ್ಧ ಜನ ಬಾಯಿ ತೆರೆದು ನಿದ್ದೆ ಮಾಡುತ್ತಾರೆ. ಬೆಳಿಗ್ಗೆ ಒಬ್ಬರ ಮೇಲೊಬ್ಬರು ಕೂಗಾಡಿದವರು ಸಂಜೆ ಲಾಬಿಯಲ್ಲಿ ಒಂದೇ ತಟ್ಟೆಯ ಬೋಂಡ ತಿನ್ನುತ್ತ, ‘ನನ್ನ ಆ ಡೈಲಾಗ್ ಹ್ಯಾಂಗಿತ್ತು?’ ಎಂದು ಕೇಳುತ್ತಾರೆ. ನನಗಿನ್ನೂ ಗೊತ್ತಾಗುತ್ತಿಲ್ಲ, ಇರಲಿ.

ಓಬಳಪ್ಪ ನನ್ನ ಜೊತೆಯೇ ಇದ್ದಾನೆ. ಮುಂದಿನ ಕೋಣೆ ಅವನದು, ಒಳಕೋಣೆ ನನ್ನದು. ಬಂದವರನ್ನು, ಬಂದ ಕಾಗದಗಳನ್ನು ಅವನೇ ನೋಡಿಕೊಳ್ಳುತ್ತಾನೆ. ಖಾಲಿ ಹಾಳೆಗಳಿಗೆ ಮೊದಲೇ ನನ್ನ ಸಹಿ ಮಾಡಿಸಿಕೊಂಡಿದ್ದಾನೆ. ‘ಅತ್ತಿಗಿ, ನೀವು ಆರಾಮ ಕುಂದರ್ರಿ, ಎದ್ದು ನಿಂದರ್ರಿ ಅಂದಾಗ ನಿಂತ್ರ ಸಾಕು’ ಅನ್ನುತ್ತಾನೆ. ಭಾವನ ಕೆಲಸದ ಮಾತನ್ನು ಅವನ ಕಿವಿಗೆ ಹಾಕಿದ್ದೇನೆ.

ನಿನ್ನ ತಂಗಿ
ಭರಮಮ್ಮ


ಯಶವಂತನಗರ
29-6-1981

ಶ್ರೀಮತಿ ಭರಮಮ್ಮ, ಶಾಸಕರು, ಇವರಿಗೆ,

ಹೀಗೆ ಬರೆದರೆ ನಿನಗೆ ಸರಿ ಹೋಗಬಹುದು. ಎರಡು ಕಾಗದ ಹಾಕಿದೆ, ಉತ್ತರವಿಲ್ಲ. ಕೆಲಸವಿರುತ್ತದೆ ಎಂದುಕೊಂಡೆ. ಆದರೆ ಹಂಪಿಯಲ್ಲಿ ಆದದ್ದನ್ನು ನುಂಗಲಾರೆ.

ಕಾಲುವೆ ನೋಡಲು ಶಾಸಕರ ಸಮಿತಿ ಬರುತ್ತದೆ, ನೀನೂ ಇರುತ್ತೀ ಎಂದು ಪೇಪರಿನಲ್ಲಿ ಓದಿ, ನಿಮ್ಮ ಭಾವ ಒಂದು ಪಾಳಿ ಬಿಟ್ಟರು. ಶೇಂಗಾ ಹೋಳಿಗೆ ಕಟ್ಟಿಕೊಂಡು ಇಬ್ಬರೂ ಹೊಸಪೇಟೆ ಬಸ್ಸು ಹಿಡಿದು ಹಂಪಿ ಬಜಾರಿಗೆ ಬಂದೆವು. ಕಲ್ಲುಮಂಟಪಗಳಿಗೆ ಶಾಮಿಯಾನ ಕಟ್ಟಿ ನಿಮಗೆಲ್ಲ ಊಟ ಬಡಿಸುತ್ತಿದ್ದರು. ಓಬಳಪ್ಪನ ಕಡೆಯ ಆ ಪಕ್ಕೀರಪ್ಪ ಹಗ್ಗ ಹಿಡಿದು ನಿಂತಿದ್ದ.

‘ಆಕಿ ನನ್ನ ತಂಗೀರಿ’ ಅಂದೆ.

‘ಇವತ್ತು ಎಲ್ಲಾರ್ಗೂ ಆಕಿ ತಂಗೀನ. ಆ ಕಡೆ ಸರೀರಿ’ ಅಂದ.

ನಾನು ಭರಮೀ ಎಂದು ಕೂಗಿದೆ. ನೀನು ತಿರುಗಿದೆ. ನಮ್ಮ ಕಡೆಯೇ ನೋಡಿದೆ. ನೋಡಿ, ಮೂಗಿಗೆ ಸೆರಗು ಅಡ್ಡ ಹಿಡಿದು ಕಾರು ಹತ್ತಿದೆ. ನಿಮ್ಮ ಭಾವನ ಅಂಗಿಯ ಮೇಲೆ ಅದಿರಿನ ಧೂಳು ಇರುತ್ತದೆ, ಎಷ್ಟು ಒಗೆದರೂ ಹೋಗುವುದಿಲ್ಲ. ಅದರ ವಾಸನೆ ಬಂತೇನು ನಿನಗೆ?

ಹೋಳಿಗೆಯನ್ನು ಬಸ್ ಸ್ಟ್ಯಾಂಡಿನಲ್ಲಿ ಯಾರಿಗೋ ಕೊಟ್ಟು ಬಂದೆವು. ನಿಮ್ಮ ಭಾವ ದಾರಿಯುದ್ದಕ್ಕೂ, ‘ಕಂಡಿರ್ಲಿಕ್ಕಿಲ್ಲ ಬಿಡು’ ಅಂದರು. ನಾನು ಕಂಡಿದ್ದೇನೆ.

ಹಂಪಕ್ಕ


ಬೆಂಗಳೂರು
10-7-1981

ಅಕ್ಕಾ,

ನಿನ್ನ ಹಳೆಯ ಕಾಗದಗಳು ನನ್ನ ಕೈಗೆ ಬಂದೇ ಇಲ್ಲ. ಈ ಕಾಗದವೂ ಬರುತ್ತಿರಲಿಲ್ಲ, ಓಬಳಪ್ಪ ಊರಿಗೆ ಹೋದ ದಿನ ಬಂದದ್ದರಿಂದ ಉಳಿಯಿತು. ಇನ್ನು ಮೇಲೆ ಚೆನ್ನಬಸಮ್ಮನವರ ಹೆಸರಿಗೆ ಬರೆ. ಅವರೂ ಶಾಸಕಿ, ನನಗಿಂತ ಹಿರಿಯರು, ರಾಯಚೂರು ಕಡೆಯವರು, ನನ್ನ ಮೇಲಿನ ಅಂತಸ್ತಿನಲ್ಲಿದ್ದಾರೆ.

ನಾನು ನಿನ್ನನ್ನು ನೋಡಲಿಲ್ಲ. ನನ್ನ ಕಣ್ಣಿಗೆ ಆಗ ಏನೂ ಕಾಣುತ್ತಿರಲಿಲ್ಲ. ಸೆರಗು ಅಡ್ಡ ಹಿಡಿದದ್ದು ವಾಂತಿ ತಡೆಯಲು.

ಸಮಿತಿ ಕಾಲುವೆ ನೋಡಿದ್ದು ಕಾರಿನ ಕಿಟಕಿಯಿಂದ. ಮೇಲ್ಗಡೆಯವರು ಕಾಲುವೆಗೇ ಪಂಪು ಇಟ್ಟು ಕಬ್ಬಿಗೆ ನೀರು ಎತ್ತುತ್ತಾರೆ, ಕೊನೆಯ ಊರುಗಳಿಗೆ ನೀರು ತಲುಪುವುದಿಲ್ಲ. ಆ ಊರಿನವರು ಹಾರ ಹಿಡಿದು ಬಿಸಿಲಿನಲ್ಲಿ ನಿಂತಿದ್ದರು. ಕಾರು ನಿಲ್ಲಲಿಲ್ಲ. ಪಂಪು ಇಟ್ಟವರ ಮನೆಯಲ್ಲಿ ತಿಂಡಿ, ಮಂಟಪದಲ್ಲಿ ಊಟ. ಎಲುಬು ಚೀಪಿ ಕಂಬದ ಬುಡಕ್ಕೆ ಎಸೆದರು. ಅಂಜಿನಯ್ಯ ಬಾಯಿ ಮುಕ್ಕಳಿಸಿ ಕಲ್ಲಿನಲ್ಲಿ ಕೆತ್ತಿದ ಹೆಂಗಸಿನ ಮೈಮೇಲೆ ಉಗುಳಿ, ಎಲ್ಲಿ ಬಿತ್ತು ಎಂದು ಮಿಕ್ಕವರಿಗೆ ತೋರಿಸಿದ. ಎಲ್ಲರೂ ನಕ್ಕರು. ‘ಎಲ್ಲೆಡೆ ನೀರು ಸಮರ್ಪಕ’ ಎಂಬ ವರದಿ ನಾವು ಬೆಂಗಳೂರು ಬಿಡುವ ಮೊದಲೇ ಟೈಪಾಗಿತ್ತು. ಅದರ ಕೆಳಗೆ ನನ್ನ ಸಹಿಯೂ ಇದೆ.

ಬಂದ ಮೇಲೆ ಸದನದಲ್ಲಿ ನಾನೇ ಎದ್ದು ಒಂದು ಪ್ರಶ್ನೆ ಕೇಳಿದೆ. ಸಂಡೂರಿನ ಕ್ರಷರುಗಳಲ್ಲಿ ಧೂಳಿಗೆ ನೀರು ಹೊಡೆಯಬೇಕೆಂಬ ನಿಯಮವಿದೆಯೇ, ಹೊಡೆಯುತ್ತಾರೆಯೇ ಎಂದು. ಮಂತ್ರಿ, ‘ಅಂಥ ದೂರು ಬಂದಿಲ್ಲ’ ಎಂದು ಕೂತರು. ರಾತ್ರಿ ಓಬಳಪ್ಪ ತಟ್ಟೆ ಎತ್ತಿ ಎಸೆದ. ಭಾವ ಕೆಲಸ ಮಾಡುವ ಕ್ರಷರಿನ ಗುತ್ತಿಗೆಯಲ್ಲಿ ಅವನದೂ ಪಾಲಿದೆಯಂತೆ. ನನಗೆ ಗೊತ್ತಿರಲಿಲ್ಲ. ಕಾಲುವೆ ನೀರಿನಿಂದ ಗದ್ದೆ, ಗದ್ದೆಯಿಂದ ರೈಸ್‌ಮಿಲ್ಲು ಎಂಬುದಷ್ಟೇ ಗೊತ್ತಿತ್ತು. ಮಿಲ್ಲಿನಿಂದ ಅದಿರಿನ ಗುಡ್ಡಕ್ಕೂ ಹತ್ತಿದ್ದಾನೆ.

ಹೋಳಿಗೆಯ ಮಾತು ಓದಿ ಬಹಳ ಹೊತ್ತು ಕೂತಿದ್ದೆ.

ಭರಮಿ


ಯಶವಂತನಗರ
27-11-1981

ಪ್ರೀತಿಯ ತಂಗಿಗೆ,

ದೀಪಾವಳಿ ಚೆನ್ನಾಗಿ ಆಯಿತು. ನಿಮ್ಮ ಭಾವನ ಕೆಮ್ಮು ಈಗ ಎಷ್ಟೋ ಕಡಿಮೆ. ರಾತ್ರಿ ಮಲಗಿ ನಿದ್ದೆ ಮಾಡುತ್ತಾರೆ.

ಪೇಪರಿನಲ್ಲಿ ಏನೇನೋ ಬರುತ್ತಿದೆ. ಕಂದಾಯ ಮಂತ್ರಿಗಳು ದೊಡ್ಡ ಸಾಹೇಬರ ಮೇಲೆ ತಿರುಗಿಬಿದ್ದಿದ್ದಾರಂತೆ, ಅವರ ಕಡೆ ಬಹಳ ಶಾಸಕರಿದ್ದಾರಂತೆ. ನಮಗೆ ಅದೆಲ್ಲ ತಿಳಿಯದು. ನೀನು ಹೆಣ್ಣುಮಗಳು, ಒಬ್ಬಳೇ ಏನು ಮಾಡಲಿಕ್ಕಾಗುತ್ತದೆ? ಓಬಳಪ್ಪ ಹೇಳಿದಂತೆ ಮಾಡು. ಅವನು ಬಾಯಿ ಒರಟ, ಆದರೆ ನಮ್ಮವರೆಂದರೆ ಕರುಳಿದೆ. ಹಿಂದೆ ನಾನೂ ಅವನ ಬಗ್ಗೆ ತಪ್ಪು ತಿಳಿದಿದ್ದೆ.

ಕ್ರಷರಿನ ಪ್ರಶ್ನೆಯನ್ನು ಮತ್ತೆ ಎತ್ತಬೇಡ. ಅದರಿಂದ ಯಾರಿಗೂ ಉಪಯೋಗವಿಲ್ಲ.

ಹಂಪಕ್ಕ


ಒಂದು ತೋಟದ ಬಂಗಲೆ
9-12-1981

ಅಕ್ಕಾ,

ಎಲ್ಲಿದ್ದೇನೆ ಎಂದು ನನಗೇ ಸರಿಯಾಗಿ ಗೊತ್ತಿಲ್ಲ. ಬೆಂಗಳೂರಿನಿಂದ ಕತ್ತಲಲ್ಲಿ ಬಸ್ಸಿಗೆ ಹತ್ತಿಸಿ ತಂದರು. ಸುತ್ತ ದ್ರಾಕ್ಷಿ ತೋಟ, ಗೇಟಿಗೆ ಬೀಗ. ಸದನದಲ್ಲಿ ದೊಡ್ಡ ಸಾಹೇಬರು ವಿಶ್ವಾಸಮತ ಕೇಳುವ ದಿನದವರೆಗೆ ನಮ್ಮನ್ನು ಇಲ್ಲಿ ಇಡುತ್ತಾರಂತೆ. ನಾವು ಕಂದಾಯ ಮಂತ್ರಿಗಳ ಕಡೆಯವರು. ಹಾಗೆಂದು ನನಗೆ ಇಲ್ಲಿಗೆ ಬಂದ ಮೇಲೆ ತಿಳಿಯಿತು. ಓಬಳಪ್ಪ ನನ್ನ ಹೆಸರಿನಲ್ಲಿ ಒಪ್ಪಿಕೊಂಡಿದ್ದಾನೆ. ಅವನಿಗೆ ಒಂದು ನಿಗಮದ ಅಧ್ಯಕ್ಷಗಿರಿ ಸಿಗುತ್ತದೆ.

ಹಗಲೆಲ್ಲ ಇಸ್ಪೀಟು, ಸಂಜೆಯಿಂದ ಕುಡಿತ. ಜನರು ಆರಿಸಿ ಕಳಿಸಿದವರು ಚಡ್ಡಿಯ ಮೇಲೆ ಪಡಸಾಲೆಯಲ್ಲಿ ಬಿದ್ದುಕೊಂಡು, ಯಾರಿಗೆ ಯಾವ ಖಾತೆ ಎಂದು ಜಗಳವಾಡುತ್ತಾರೆ. ಸಂಡಾಸಿಗೆ ಹೋದರೆ ಕಾಲಿಡಲಾಗದು. ಹೆಂಗಸರೆಂದರೆ ಚೆನ್ನಬಸಮ್ಮನವರು, ನಾನು. ನಮಗೊಂದು ಕೋಣೆ.

ನಿನ್ನೆ ಮಧ್ಯಾಹ್ನ ಚೆನ್ನಬಸಮ್ಮನವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

‘ಭರಮಮ್ಮ, ನಿನ್ನ ಗಂಡನ್ನ ಸದನಕ್ಕ ತಂದ ದಿನ ನೀ ಎಲ್ಲಿದ್ದಿ?’

‘ಕಂಪ್ಲ್ಯಾಗ. ಆರಾಮ ಆಗ್ಯಾನ, ನೀವು ಬರೂದು ಬ್ಯಾಡ ಅಂತ ಮೈದುನ ಹೇಳಿದ್ದ.’

‘ಹಂಗಾರ ನಿನಗ ಗೊತ್ತಿಲ್ಲ.’

ಅವರು ಎಲೆಯನ್ನು ಕೆಳಗಿಟ್ಟರು.

‘ನಾ ಆತನ ಹಿಂದಿನ ಸಾಲಿನ್ಯಾಗ ಇದ್ದೆ. ಕಣ್ಣು ಅರಿಶಿಣ ಆಗಿದ್ವು. ಮ್ಯಾಲಿನ ಸೂರು ನೋಡಿಕೋತ, ಕಂಪ್ಲಿ ಬಂತೇನ್ರಿ ಅಂತ ಕೇಳಿದ. ಮತ್ತ ಕೇಳಿದ. ಊರಿಗೆ ಕರ್ಕೊಂಡು ಹೊಂಟೀವಿ ಅಂತ ಸುಳ್ಳು ಹೇಳಿ ದವಾಖಾನಿಯಿಂದ ಎಬ್ಬಿಸ್ಕೊಂಡು ಬಂದಿದ್ರು. ಡಾಕ್ಟರು ಬ್ಯಾಡ ಅಂದ್ರೂ ನಿನ್ನ ಮೈದುನ ಕೇಳಿಲ್ಲ.’

‘ವೋಟು?’

‘ಏಳಾಕ ಆಗದವ್ರು ಕೈ ಎತ್ತಬಹುದು ಅಂತ ಸಭಾಧ್ಯಕ್ಷರು ಹೇಳಿದ್ರು. ಆತಗ ಅದು ಕೇಳಿಸಿರ್ಲಿಕ್ಕೇ ಇಲ್ಲ. ಬಾಜೂಕ ಇದ್ದ ಅಂಜಿನಯ್ಯ ಆತನ ಮುಂಗೈ ಹಿಡಿದು ಮ್ಯಾಲೆತ್ತಿದ. ಎಣಿಸವ್ರು ಎಣಿಸಿಕೊಂಡ್ರು. ಬಿಟ್ಟಾಗ ಆ ಕೈ ಸ್ಟ್ರೆಚರಿನ ಕಬ್ಬಿಣಕ್ಕ ಬಡೀತು. ಆ ಸಪ್ಪಳ ನನಗ ಇನ್ನೂ ಕೇಳ್ತೈತಿ.’

‘ನೀವೇನು ಮಾಡಿದ್ರಿ?’

‘ನಾನೂ ಎದ್ದು ನಿಂತಿದ್ದೆ ನೋಡು. ಎಣಿಕಿ ಮುಗಿಯೂತನಕ ಕುಂದರಂಗಿಲ್ಲ.’

ಅಕ್ಕಾ, ಆ ಫೋಟೋದ ಕೆಳಗೆ ನಿಂತು ನಾನು ಅತ್ತಿದ್ದೆ. ನನ್ನ ಅಳುವಿಗೆ ಜನ ವೋಟು ಹಾಕಿದರು. ಈಗ ಆ ಅಳುವೂ ನನಗೆ ಎಂಜಲಿನ ಹಾಗೆ ಕಾಣುತ್ತದೆ. ಅದಕ್ಕಿಂತ ಹೆಚ್ಚಿನದು ಇನ್ನೊಂದು. ಯಾರ ಕುರ್ಚಿ ಉಳಿಸಲು ನಮ್ಮವರನ್ನು ಹಾಗೆ ಎತ್ತಿ ತಂದರೋ, ಈಗ ಅದೇ ಮನುಷ್ಯನ ಕುರ್ಚಿ ಕೆಡವಲು ನನ್ನನ್ನು ತಂದಿದ್ದಾರೆ. ಆಗ ತಂದವರೂ ಈಗ ತಂದವರೂ ಒಂದೇ ಜನ.

ಊಟಕ್ಕೆ ಕರೆಯಲು ಅಂಜಿನಯ್ಯ ಬಂದಿದ್ದ. ‘ಬರ್ರಿ ಅಕ್ಕಾ, ಕೋಳಿ ಮಸ್ತ್ ಆಗೇತಿ’ ಎಂದು ನನ್ನ ಮೊಣಕೈ ಮುಟ್ಟಿದ. ಹೋಗಿ ಸ್ನಾನ ಮಾಡಿದೆ. ಮತ್ತೆ ಮಾಡಿದೆ.

ಓಬಳಪ್ಪನನ್ನು ನಾನು ಏನೂ ಕೇಳಿಲ್ಲ. ಎದ್ದು ನಿಲ್ಲಬೇಕು ಅಂದ. ಆಯಿತು ಅಂದೆ. ಇದನ್ನು ತರಕಾರಿ ತರುವ ಹೆಂಗಸಿನ ಕೈಯಲ್ಲಿ ಕಳಿಸುತ್ತಿದ್ದೇನೆ, ಮುಟ್ಟುತ್ತದೋ ಇಲ್ಲವೋ.

ಭರಮಿ


ಯಶವಂತನಗರ
13-12-1981

ಭರಮಿ,

ನಿನ್ನಿಂದ ಸುದ್ದಿಯಿಲ್ಲ. ನೀನು ಚೀಲ ತುಂಬ ದುಡ್ಡು ತೆಗೆದುಕೊಂಡು ಎಲ್ಲೋ ಬಂಗಲೆಯಲ್ಲಿ ಮಜಾ ಮಾಡುತ್ತಿದ್ದೀ ಎಂದು ನಳದ ಹತ್ತಿರ ಆಡಿಕೊಳ್ಳುತ್ತಾರೆ. ನಾನು ಕೊಡ ಬಿಟ್ಟು ಜಗಳವಾಡಿ ಬಂದೆ. ಮನೆಗೆ ಬಂದ ಮೇಲೆ, ನಿಜವಿದ್ದರೂ ಇರಬಹುದು ಅನ್ನಿಸಿತು. ಮುಚ್ಚಿಟ್ಟುಕೊಂಡು ಏನು ಮಾಡಲಿ?

ಮುಚ್ಚಿಟ್ಟದ್ದು ನನ್ನಲ್ಲೂ ಒಂದಿದೆ. ಓಬಳಪ್ಪ ದೀಪಾವಳಿಗೆ ಮೊದಲೇ ನಿಮ್ಮ ಭಾವನನ್ನು ಕಾಟಾ ಆಫೀಸಿಗೆ ಹಾಕಿಸಿದ್ದಾನೆ. ‘ಅತ್ತಿಗಿಗೆ ಈಗ ತಿಳಿಸಬ್ಯಾಡ್ರಿ, ವೋಟು ಆದಮ್ಯಾಲೆ ನಾನಾ ಹೇಳ್ತೀನಿ’ ಅಂದಿದ್ದ. ಫ್ಯಾನಿನ ಕೆಳಗೆ ಕುರ್ಚಿ. ಎದೆಯ ಸೀಟಿ ನಿಂತಿದೆ ಅವರದು. ಮೊನ್ನೆ ಹಾಡು ಅಂದರು, ಮದುವೆಯಾದ ಹೊಸದರಲ್ಲಿ ಅನ್ನುತ್ತಿದ್ದ ಹಾಗೆ.

ನನಗೋಸ್ಕರ, ಅವನು ಹೇಳಿದವರಿಗೆ ವೋಟು ಹಾಕು. ಯಾರು ಮುಖ್ಯಮಂತ್ರಿಯಾದರೂ ನಮಗೇನು?

ಅಕ್ಕ


ಬೆಂಗಳೂರು
20-12-1981

ಅಕ್ಕಾ,

ಮುಗಿಯಿತು. ಪೇಪರಿನಲ್ಲಿ ಬಂದದ್ದನ್ನು ನಂಬಬೇಡ, ನಾನು ಹೇಳುತ್ತೇನೆ.

ಮೊದಲು ದೊಡ್ಡ ಸಾಹೇಬರು ಮಾತಾಡಿದರು. ತಮ್ಮನ್ನು ಉಳಿಸಲು ಪ್ರಾಣ ಕೊಟ್ಟವರ ಹೆಸರು ಹೇಳುತ್ತ ಗಾದಿಲಿಂಗಪ್ಪನವರ ಹೆಸರೂ ಹೇಳಿ ನನ್ನ ಕಡೆ ನೋಡಿದರು. ಕಣ್ಣಲ್ಲಿ ನೀರೂ ತಂದುಕೊಂಡರು. ಆಮೇಲೆ ಕಂದಾಯ ಮಂತ್ರಿಗಳು ಎದ್ದರು. ಅವರೂ ಅದೇ ಹೆಸರು ಹೇಳಿದರು. ಆ ಧೀರನ ಆತ್ಮಕ್ಕೆ ಈ ಸರ್ಕಾರದಿಂದ ಅವಮಾನವಾಗಿದೆ ಎಂದರು. ಎರಡೂ ಕಡೆ ಮೇಜು ಕುಟ್ಟಿದರು.

ವಿಶ್ವಾಸವಿರುವವರು ಏಳಿ ಎಂದರು. ನಾನು ಏಳಲಿಲ್ಲ. ಎಣಿಸಿದರು. ವಿಶ್ವಾಸವಿಲ್ಲದವರು ಏಳಿ ಎಂದರು. ನಮ್ಮ ಸಾಲೆಲ್ಲ ಎದ್ದಿತು. ನಾನು ಕೂತೇ ಇದ್ದೆ. ಅಂಜಿನಯ್ಯ ಬಗ್ಗಿ, ‘ಏಳ್ರಿ ಅಕ್ಕಾ, ಏಳ್ರಿ’ ಅಂದ. ಮೇಲೆ ಗ್ಯಾಲರಿಯಲ್ಲಿ ಓಬಳಪ್ಪ ಕಟಕಟೆ ಹಿಡಿದು ಬಾಗಿದ್ದು ಕಾಣುತ್ತಿತ್ತು. ಅಂಜಿನಯ್ಯ ನನ್ನ ರಟ್ಟೆ ಹಿಡಿದು ಎಳೆದ. ನನ್ನಲ್ಲಿ ಎಲ್ಲಿತ್ತೋ ಆ ದನಿ, ‘ಕೈ ಬಿಡ್ಲೇ’ ಅಂದೆ. ಇಡೀ ಸದನಕ್ಕೆ ಕೇಳಿಸಿತು.

ಸಭಾಧ್ಯಕ್ಷರು, ‘ಏನಮ್ಮಾ?’ ಎಂದರು.

ಎದ್ದು ನಿಂತರೆ ಎಣಿಸಿಬಿಡುತ್ತಾರೆ. ಕೂತೇ ಹೇಳಿದೆ. ‘ನನ್ನ ಗಂಡನ ಕೈ ಎತ್ತಿಸಿದವ್ರು ಇವರಾ. ಆತಗ ತಾ ಎಲ್ಲಿದ್ದೀನಿ ಅಂತ ಸೈತ ಗೊತ್ತಿರಲಿಲ್ಲ. ಆ ವೋಟು ನೀವು ಎಣಿಸಿದ್ರಿ. ನನ್ನ ವೋಟು ಯಾರಿಗೂ ಇಲ್ಲ.’

ಸಭಾಧ್ಯಕ್ಷರು ಬರೆದುಕೊಳ್ಳುವವರ ಕಡೆ ತಿರುಗಿ, ‘ಇದು ಕಡತಕ್ಕೆ ಹೋಗಕೂಡದು’ ಎಂದರು. ಎಣಿಕೆ ಮುಂದುವರಿಯಿತು. ದೊಡ್ಡ ಸಾಹೇಬರು ಹನ್ನೊಂದು ಮತದಿಂದ ಬಿದ್ದರು. ನಾನು ಯಾವ ಕಡೆ ಎದ್ದಿದ್ದರೂ ಬೀಳುತ್ತಿದ್ದರು.

ಹೊರಗೆ ಬಂದಾಗ ಓಬಳಪ್ಪ ಹತ್ತಿರ ಬಂದು, ನಗುತ್ತಲೇ, ‘ಅತ್ತಿಗಿ, ನೀವು ಇನ್ನ ಕಂಪ್ಲಿ ಮನಿ ಕಡೆ ಬರಬ್ಯಾಡ್ರಿ’ ಅಂದ. ಫೋಟೋದವರು ಇದ್ದರು, ಅದಕ್ಕೆ ನಗುತ್ತಿದ್ದ.

ಇಷ್ಟು ಬರೆದು ಮುಗಿಸಿದ್ದೆ. ಈಗ ಚೆನ್ನಬಸಮ್ಮನವರು ನಿನ್ನ ಹದಿಮೂರನೇ ತಾರೀಖಿನ ಕಾಗದ ತಂದುಕೊಟ್ಟರು. ನಾವು ಬಂಗಲೆಯಲ್ಲಿದ್ದಾಗ ಬಂದು ಅವರ ಕೋಣೆಯಲ್ಲಿ ಬಿದ್ದಿತ್ತು.

ಮೊದಲೇ ಓದಿದ್ದರೆ ಏಳುತ್ತಿದ್ದೆನೋ ಏನೋ. ಗೊತ್ತಿಲ್ಲ. ಅದನ್ನು ನನ್ನನ್ನು ಕೇಳಬೇಡ.

ಭರಮಿ


ಯಶವಂತನಗರ
25-1-1982

ಭರಮಮ್ಮ,

ನಿನ್ನ ಎರಡೂ ಕಾಗದ ಒಂದೇ ವಾರದಲ್ಲಿ ಬಂದವು. ಗಾದಿಲಿಂಗಪ್ಪನವರ ಸುದ್ದಿ ಓದಿದ ದಿನ ಒಲೆ ಹಚ್ಚಲಿಲ್ಲ.

ಹೊಸ ಸರ್ಕಾರ ಬಂದ ಮರುದಿನವೇ ನಿಮ್ಮ ಭಾವನನ್ನು ಕಾಟಾ ಆಫೀಸಿನಿಂದ ಎಬ್ಬಿಸಿದರು. ಮೊದಲಿನ ಜಾಗವೂ ಅಲ್ಲ, ಕ್ರಷರಿನ ಬಾಯಿಯ ಹತ್ತಿರ ಹಾಕಿದ್ದಾರೆ. ಯಾಕೆ ಎಂದು ಕೇಳಿದ್ದಕ್ಕೆ ಮೇಸ್ತ್ರಿ, ‘ನಿನ್ನ ನಾದಿನಿನ್ನ ಕೇಳು’ ಅಂದನಂತೆ. ಅವರು ಮನೆಗೆ ಬಂದು ನನಗೆ ಏನೂ ಹೇಳಲಿಲ್ಲ, ಬೇರೆಯವರು ಹೇಳಿದರು.

ನೀನು ಸರಿ ಮಾಡಿದೆ ಎಂದು ಬರೆಯಬೇಕೆಂದು ಮೂರು ಸಲ ಕೂತೆ. ಕೈ ಬರಲಿಲ್ಲ. ಸತ್ತವರ ಕೈಯ ಲೆಕ್ಕ ನೀನು ಕೇಳಿದೆ. ಇರುವವರ ಎದೆಯನ್ನು ಯಾರು ಕೇಳಬೇಕು? ರಾತ್ರಿ ಸೀಟಿ ಹೊಡೆಯುತ್ತದೆ ಅವರ ಎದೆ, ನಾನು ಗೋಡೆಗೆ ಮುಖ ಮಾಡಿ ಮಲಗುತ್ತೇನೆ. ನಿನ್ನ ಕಾಗದಗಳನ್ನು ಅವರಿಗೆ ಓದಿ ಹೇಳಿಲ್ಲ.

ಸದ್ಯಕ್ಕೆ ಬರೆಯಬೇಡ.

ಹಂಪಕ್ಕ


ಬೆಂಗಳೂರು
10-11-1982

ಅಕ್ಕಾ,

ಬರೆಯಬೇಡ ಅಂದೆ, ಬರೆಯಲಿಲ್ಲ. ಬರೆದು ಹರಿದದ್ದು ಬೇರೆ. ಈ ಸದನ ಮುಗಿಯುತ್ತಿದೆ, ಹೊಸ ಚುನಾವಣೆ ಬರುತ್ತಿದೆ. ನಾನು ಎಲ್ಲಿರುತ್ತೇನೆಂದು ನಿನಗೆ ತಿಳಿಸದೆ ಹೋಗಬಾರದು.

ಭಾವನ ಕೆಲಸಕ್ಕಾಗಿ ಕಾರ್ಮಿಕ ಮಂತ್ರಿಯ ಬಾಗಿಲಿಗೆ ಹೋದೆ. ಒಳಗೆ ಬಿಡಲಿಲ್ಲ. ಶಾಸಕಿ ಎಂದೆ. ‘ಯಾವ ಕಡೆಯ ಶಾಸಕಿ?’ ಎಂದು ಕೇಳಿದರು. ಯಾವ ಕಡೆಯೂ ಅಲ್ಲದವರು ಕೂರಲು ಅಲ್ಲಿ ಬೆಂಚಿಲ್ಲ. ಮೂರು ಸಲ ನಿಂತೇ ಬಂದೆ.

ನಿನ್ನೆ ಎಲ್ಲ ಸದಸ್ಯರ ಗುಂಪು ಫೋಟೋ ಇತ್ತು. ಹೋಗಬಾರದೆಂದಿದ್ದೆ, ಚೆನ್ನಬಸಮ್ಮನವರು ಎಳೆದುಕೊಂಡು ಹೋದರು. ವಿಧಾನಸೌಧದ ಮೆಟ್ಟಿಲ ಮೇಲೆ ಸಾಲು ಸಾಲು. ಮುಂದಿನ ಸಾಲಿನ ಕುರ್ಚಿಗಳಲ್ಲಿ ಸಭಾಧ್ಯಕ್ಷರು, ಹೊಸ ಮುಖ್ಯಮಂತ್ರಿ, ಅವರ ಪಕ್ಕದಲ್ಲಿ ದೊಡ್ಡ ಸಾಹೇಬರು. ಒಬ್ಬರನ್ನೊಬ್ಬರು ದ್ರೋಹಿ ಎಂದು ಕರೆದವರು. ಹೊಸಬರು ಅಡಿಕೆ ಡಬ್ಬಿ ತೆರೆದು ಹಿಡಿದರು, ಹಳಬರು ಎರಡು ಹೋಳು ಎತ್ತಿಕೊಂಡು ಅವರ ತೊಡೆಗೆ ತಟ್ಟಿ ಏನೋ ಹೇಳಿದರು. ಇಬ್ಬರೂ ಹೊಟ್ಟೆ ಕುಣಿಸಿ ನಕ್ಕರು. ಹಿಂದಿದ್ದವರಿಗೆ ಮಾತು ಕೇಳಿಸಿರಲಿಲ್ಲ, ಆದರೂ ನಕ್ಕರು. ದೊಡ್ಡ ಸಾಹೇಬರಿಗೂ ಯಾವುದೋ ಮಂಡಳಿ ಕೊಟ್ಟಿದ್ದಾರೆ, ಕಾರೂ ಇದೆ.

ನನಗೆ ಅವರ ಮೇಲೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕೆಟ್ಟ ಮಾಂಸದ ಹತ್ತಿರ ನಿಂತ ಹಾಗಾಯಿತು. ಇಷ್ಟಕ್ಕಾಗಿ ನಮ್ಮವರ ಕೈ ಎತ್ತಿಸಿದರು ಎಂಬುದೇ ಸಹಿಸಲಾಗುವುದಿಲ್ಲ. ಅವರಿಗೆ ಅದು ಜಗಳವೂ ಆಗಿರಲಿಲ್ಲ.

ಫೋಟೋದವನು ‘ಆ ಕೊನೆಯ ತಾಯಿ ಸ್ವಲ್ಪ ಒಳಗೆ ಬರಬೇಕು’ ಅಂದ. ನಾನು ಮೆಟ್ಟಿಲಿಳಿದು ಬಂದುಬಿಟ್ಟೆ.

ಕಂಪ್ಲಿಗೆ ಹೋಗಲಾರೆ. ಹೊಸಪೇಟೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯುತ್ತೇನೆ. ಏನಾದರೂ ಮಾಡಿಕೊಂಡು ತಿನ್ನುತ್ತೇನೆ. ಒಂದು ಸಲ ಭಾವನನ್ನು ನೋಡಲು ಬರಲೇ? ಬೇಡವೆಂದರೆ ಬರುವುದಿಲ್ಲ.

ಭರಮಿ


ಯಶವಂತನಗರ
26-11-1982

ತಂಗಿ ಭರಮಮ್ಮನಿಗೆ ಆಶೀರ್ವಾದಗಳು. ನಾವೆಲ್ಲರೂ ಕ್ಷೇಮ. ಶ್ರೀ ಓಬಳಪ್ಪನವರಿಗೆ ಪಕ್ಷದ ಟಿಕೆಟ್ ಸಿಕ್ಕಿರುವುದು ನಮಗೆಲ್ಲ ಹೆಮ್ಮೆಯ ವಿಷಯ. ನಡೆದದ್ದನ್ನು ಮರೆತು ಅವರು ದೊಡ್ಡ ಮನಸ್ಸಿನಿಂದ ನಿನ್ನನ್ನು ಕರೆಯುತ್ತಿದ್ದಾರೆ. ಕಂಪ್ಲಿಯ ಸಭೆಗೆ ನೀನು ಬಂದು, ನಿನ್ನ ಯಜಮಾನರ ಫೋಟೋದ ಮುಂದೆ ಎರಡು ಮಾತು ಆಡಬೇಕು. ನಿನ್ನ ಭಾವ ತಾಯಪ್ಪನವರಿಗೆ ಕಾಟಾ ಆಫೀಸಿನ ಕೆಲಸವನ್ನು ಖಾಯಂ ಮಾಡಿಸಿಕೊಡುವುದಾಗಿ ಹೇಳಿರುತ್ತಾರೆ. ತಪ್ಪದೆ ಬರುವುದು.

ಇಲ್ಲಿಯವರೆಗೆ ಓಬಳಪ್ಪ ಕೂತು ಹೇಳಿದ್ದು, ನಾನು ಬರೆದದ್ದು. ಅಂಚೆಗೆ ತಾನೇ ಹಾಕುತ್ತೇನೆ ಅಂದ. ವಿಳಾಸ ಬರೆಯಬೇಕು, ಅಂಟು ಹಚ್ಚಬೇಕು, ನಾಳೆ ನಾನೇ ಹಾಕುತ್ತೇನೆ ಎಂದು ಇಟ್ಟುಕೊಂಡೆ. ಈಗ ಜೀಪು ಹೋಯಿತು.

ಜೀಪಿನಲ್ಲಿ ಸೀರೆ, ಹಣ್ಣು, ಪಕ್ಕೀರಪ್ಪ ಎಲ್ಲ ಬಂದಿದ್ದರು. ಓಬಳಪ್ಪ ಚಾಪೆಯ ಮೇಲೆ ಕೂತು, ನಿಮ್ಮ ಭಾವನ ಬೆನ್ನು ಸವರಿ, ‘ಭಾಳ ಸೊರಗೀರಲ್ಲ’ ಅಂದ.

ನಿನ್ನ ಕಾಗದಗಳನ್ನು ನಾನು ಅವರಿಗೆ ಓದಿ ಹೇಳಿದ್ದು ಈ ದೀಪಾವಳಿಯಲ್ಲಿ. ಇವತ್ತು ಅವರು ಕೆಮ್ಮು ನಿಲ್ಲುವವರೆಗೆ ತಡೆದು ಕೇಳಿದರು. ‘ಓಬಳಪ್ಪ, ಊರಿಗೆ ಹೊಂಟೀವಿ ಅಂತ ನಿಮ್ಮಣ್ಣಗ ಹೇಳಿದವ್ರು ಯಾರು? ನೀನೇನು?’

ನಾಚಿಕೆಯಾಗುತ್ತದೇನೋ ಎಂದು ನಾನು ಅವನ ಮುಖ ನೋಡಿದೆ. ಅವನು ಚಹಾ ಊದಿಕೊಂಡು ಕುಡಿದ. ‘ಮತ್ತೇನು ಹೇಳಬೇಕಿತ್ತು ಭಾವ? ವಿಧಾನಸೌಧ ಅಂದ್ರ ಬರಾಕ ಒಲ್ಲೆ ಅಂತಿದ್ದ’ ಅಂದ. ಅಷ್ಟೇ. ಬಸ್ಸು ತಪ್ಪಿದ ಕಥೆ ಹೇಳುವವನ ಹಾಗೆ. ಆಮೇಲೆ ಬಿಸ್ಕೀಟು ತೆಗೆದುಕೊಂಡ.

ನಿಮ್ಮ ಭಾವ ಒಳಗೆ ಎದ್ದು ಹೋದರು. ನಾನು ಅವನ ಮುಂದೆ ಕೂತು ಈ ಮೇಲಿನದೆಲ್ಲ ಚಂದದ ಅಕ್ಷರದಲ್ಲಿ ಬರೆದೆ, ಅವನು ಬೇಗ ತೊಲಗಲಿ ಎಂದು. ಸೀರೆಯನ್ನು ಪಕ್ಕೀರಪ್ಪನ ಕೈಗೆ ವಾಪಸು ಕೊಟ್ಟೆ. ‘ಎಲ್ಲಾರ್ಗೂ ತಂಗಿ ಆದಾಕಿಗೆ ಉಡಿಸು’ ಅಂದೆ. ಅವನಿಗೆ ತಿಳಿಯಲಿಲ್ಲ.

ಆ ಸಭೆಗೆ ಬರಬೇಡ. ಕಾಟಾ ಆಫೀಸಿನ ಮಾತು ಇನ್ನು ನಮ್ಮಿಬ್ಬರ ನಡುವೆ ಬೇಡ. ಹೋದ ಜನವರಿಯಲ್ಲಿ ನಾನು ಬರೆದದ್ದನ್ನು ಒರೆಸಲಾರೆ, ಅದು ಆಗ ನಿಜವೇ ಆಗಿತ್ತು.

ನೀನು ಇಲ್ಲಿಗೆ ಬರುವುದೂ ಬೇಡ, ನಾವೇ ಬರುತ್ತೇವೆ. ಅವರು ಕೆಲಸ ಬಿಡುತ್ತಾರೆ. ಒಂದನೇ ತಾರೀಖಿಗೆ ಕಂಪನಿ ಮನೆ ಖಾಲಿ ಮಾಡುತ್ತೇವೆ. ನನಗೆ ರೊಟ್ಟಿ ಬಡಿಯಲು ಬರುತ್ತದೆ, ನಿನಗೆ ಪಲ್ಯ ಬರುತ್ತದೆ. ಹೊಸಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಊಟ ಕೇಳುವವರಿಗೆ ಬರವಿಲ್ಲ. ನಿಮ್ಮ ಭಾವ ನಮ್ಮ ಖಾನಾವಳಿಯ ಗಲ್ಲೆಯ ಮುಂದೆ ಕೂರಲಿ.

ಒಂದು ಕೋಣೆ ಸಾಲದು, ಎರಡು ನೋಡು. ಅದಿರು ಲಾರಿಗಳು ಓಡಾಡುವ ರಸ್ತೆಯ ಕಡೆಗೆ ಕಿಟಕಿ ಇರಬಾರದು.

ಅಕ್ಕ